ಡಾಂಬರು ಮುಗಿದಲ್ಲಿಂದ ಶುರು: ಕಾವೇರಿ ದಂಡೆಯ ಜಲ್ಲಿ ಹಾದಿಗಳಲ್ಲಿ ಸೈಕಲ್ ಸವಾರಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಜತೆಗೆ ಎಂಜಿನ್ ಇಲ್ಲದ ವಾಹನಗಳಿಗೂ ಪ್ರವೇಶ ನಿಷೇಧವಾಯಿತು. ಅಪಘಾತಗಳ ಸರಣಿಯ ಹಿನ್ನೆಲೆಯಲ್ಲಿ ಕೈಗೊಂಡ ಈ ಕ್ರಮವನ್ನು ಯಾರೂ ತಪ್ಪೆನ್ನಲಾರರು. ಆದರೆ ಭಾನುವಾರ ಮುಂಜಾನೆ ಸೈಕಲ್ ಏರಿ ಮೈಸೂರಿನತ್ತ ಹೊರಡುತ್ತಿದ್ದ ನಗರದ ಸವಾರರ ಪಾಲಿಗೆ ಉಳಿದದ್ದು ಸರ್ವಿಸ್ ರಸ್ತೆ ಮಾತ್ರ. ಅಲ್ಲಿ ಬಸ್ಸು, ಎತ್ತಿನ ಗಾಡಿ, ಎದುರು ದಿಕ್ಕಿನಿಂದ ನುಗ್ಗುವ ಸ್ಕೂಟರು, ಎಲ್ಲವೂ ಒಂದೇ ಪಥದಲ್ಲಿ. ಹೆದ್ದಾರಿಗಳು ಅಗಲವಾದಷ್ಟೂ ಸೈಕಲ್ಲಿಗೆ ಜಾಗ ಕಿರಿದಾಗುತ್ತದೆ ಎಂಬುದು ಈ ರಾಜ್ಯದ ಸವಾರರ ಹಳೆಯ ಅನುಭವ. ಅವರಲ್ಲಿ ಹಲವರು ಈಗ ಡಾಂಬರನ್ನೇ ಬಿಟ್ಟು ಪಕ್ಕದ ಮಣ್ಣು ಹಾದಿಗಿಳಿಯುತ್ತಿದ್ದಾರೆ. ಈ ಬಗೆಯ ಸವಾರಿಗೆ ಜಗತ್ತಿನೆಲ್ಲೆಡೆ ‘ಗ್ರಾವೆಲ್ ಸೈಕ್ಲಿಂಗ್’ ಎಂಬ ಹೆಸರು ಬಿದ್ದಿದೆ.

ಗ್ರಾವೆಲ್ ಎಂಬುದು ನಮ್ಮ ಹಳ್ಳಿಗಳಿಗೆ ಹೊಸ ಪದವೇನಲ್ಲ. ಮಂಡ್ಯ, ಮೈಸೂರು ಸೀಮೆಯಲ್ಲಿ ಹೊಲದ ದಾರಿಗೆ ಗರಸು ಮಣ್ಣು ಸುರಿಸುವುದನ್ನು ರೈತರೂ ಗುತ್ತಿಗೆದಾರರೂ ‘ಗ್ರಾವೆಲ್ ಹೊಡೆಸುವುದು’ ಎಂದೇ ಕರೆಯುತ್ತಾರೆ. ಪದ ಇಲ್ಲಿತ್ತು, ಹಾದಿಯೂ ಇಲ್ಲಿತ್ತು. ಅದರ ಮೇಲೆ ಲಕ್ಷಗಟ್ಟಲೆ ರೂಪಾಯಿಯ ಸೈಕಲ್ ಓಡಿಸಬಹುದೆಂಬ ಕಲ್ಪನೆಯೊಂದೇ ಹೊರಗಿನಿಂದ ಬಂದದ್ದು.

ಏನಿದು ಗ್ರಾವೆಲ್ ಸೈಕಲ್?

ನೋಡುವುದಕ್ಕೆ ಇದು ರೇಸಿನ ಸೈಕಲ್ಲಿನಂತೆಯೇ ಇರುತ್ತದೆ. ಕೆಳಕ್ಕೆ ಬಾಗಿದ ಹ್ಯಾಂಡಲ್, ಹಗುರವಾದ ಚೌಕಟ್ಟು. ವ್ಯತ್ಯಾಸವಿರುವುದು ಚಕ್ರದಲ್ಲಿ. ರಸ್ತೆ ರೇಸಿನ ಸೈಕಲ್ಲಿನ ಟಯರು ಸಾಮಾನ್ಯವಾಗಿ 25ರಿಂದ 30 ಮಿಲಿಮೀಟರ್ ಅಗಲವಿದ್ದರೆ, ಗ್ರಾವೆಲ್ ಸೈಕಲ್ಲಿನದು 38ರಿಂದ 50 ಮಿಲಿಮೀಟರ್. ಅದರೊಳಗಿನ ಗಾಳಿಯ ಒತ್ತಡ ರೇಸಿನ ಸೈಕಲ್ಲಿನ ಅರ್ಧದಷ್ಟೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ಗಾಳಿ ಗಟ್ಟಿಯಾಗಿದ್ದರೆ ಸೈಕಲ್ ಹಗುರವಾಗಿ ಓಡುತ್ತದೆ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ನುಣುಪಾದ ರಸ್ತೆಯಲ್ಲಿ ಅದು ಒಂದು ಮಿತಿಯವರೆಗೆ ನಿಜ. ಜಲ್ಲಿಯ ಮೇಲೆ ಮಾತ್ರ ಲೆಕ್ಕ ತಿರುಗುಮುರುಗಾಗುತ್ತದೆ. ಗಟ್ಟಿ ಟಯರು ಪ್ರತಿ ಕಲ್ಲಿಗೂ ಪುಟಿಯುತ್ತದೆ. ಪುಟಿದಾಗಲೆಲ್ಲ ಸವಾರನ ದೇಹವನ್ನೂ ಮೇಲೆತ್ತುತ್ತದೆ. ಮುಂದಕ್ಕೆ ಸಾಗಬೇಕಾದ ಶಕ್ತಿ ಹೀಗೆ ಮೇಲೆ ಕೆಳಗೆ ಕುಲುಕಾಡುವುದರಲ್ಲಿ ಸೋರಿಹೋಗುತ್ತದೆ. ಮೆತ್ತನೆಯ ಅಗಲ ಟಯರು ಕಲ್ಲನ್ನು ತನ್ನೊಳಗೇ ನುಂಗಿಕೊಂಡು ಉರುಳುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ಹಾಲಿನವರೂ ಅಂಚೆಯವರೂ ಬಳಸುತ್ತ ಬಂದ ಕರಿಯ ಬಣ್ಣದ ಹಳೆಯ ಸೈಕಲ್ಲಿಗೆ ಹಾಕುವುದು 28 ಇಂಚಿನ, ಒಂದೂವರೆ ಇಂಚು ಅಗಲದ ಟಯರು. ಮಿಲಿಮೀಟರಿನಲ್ಲಿ ಅಳೆದರೆ ಸುಮಾರು 40. ಇಂದು ವಿದೇಶಿ ಕಂಪನಿಗಳು ಗ್ರಾವೆಲ್ ಸೈಕಲ್ಲಿಗೆಂದು ಮಾರುತ್ತಿರುವ ಟಯರುಗಳ ಅಗಲವೂ ಹೆಚ್ಚು ಕಡಿಮೆ ಅಷ್ಟೇ. ಗೇರು ಇಲ್ಲದ, ಭಾರವಾದ ಆ ಸೈಕಲ್ಲಿನಲ್ಲಿ ಮೂಟೆ ಹೇರಿಕೊಂಡು ನಾಲೆಯ ಏರಿಯ ಮೇಲೆ ಸಾಗುವ ರೈತನೇ ಈ ರಾಜ್ಯದ ಮೊದಲ ಗ್ರಾವೆಲ್ ಸವಾರ ಎಂದರೆ ಉತ್ಪ್ರೇಕ್ಷೆಯಾಗದು. ಅವನನ್ನು ಆ ಹೆಸರಿನಿಂದ ಯಾರೂ ಕರೆಯಲಿಲ್ಲ, ಅಷ್ಟೆ.

ಕ್ರೀಡೆಯಾಗಿ ಇದು ಬೆಳೆದದ್ದು ಈಚೆಗೆ. ಇಟಲಿಯ ಟಸ್ಕನಿ ಪ್ರಾಂತ್ಯದ ಬಿಳಿ ಮಣ್ಣಿನ ರಸ್ತೆಗಳನ್ನು ಡಾಂಬರಿನಿಂದ ಉಳಿಸಿಕೊಳ್ಳಬೇಕೆಂಬ ಉದ್ದೇಶವೂ ಸೇರಿ 1997ರಲ್ಲಿ ‘ಲ’ಎರೋಯಿಕಾ’ ಎಂಬ ಹಳೆಯ ಸೈಕಲ್ಲುಗಳ ಸವಾರಿ ಆರಂಭವಾಯಿತು. ಅಮೆರಿಕದ ಕ್ಯಾನ್ಸಸ್‌ನಲ್ಲಿ 2006ರಲ್ಲಿ ಶುರುವಾದ ಜಲ್ಲಿ ರಸ್ತೆಯ ದೂರದ ರೇಸು ಇಂದು ‘ಅನ್‌ಬೌಂಡ್’ ಎಂಬ ಹೆಸರಿನಲ್ಲಿ ಸಾವಿರಾರು ಜನರನ್ನು ಸೆಳೆಯುತ್ತಿದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2022ರಲ್ಲಿ ಮೊದಲ ಬಾರಿಗೆ ಗ್ರಾವೆಲ್ ವಿಶ್ವ ಚಾಂಪಿಯನ್‌ಶಿಪ್ ನಡೆಸಿದಾಗ ಆರಿಸಿಕೊಂಡದ್ದು ಉತ್ತರ ಇಟಲಿಯ ವಿಚೆಂಜಾದಿಂದ, ಕೋಟೆಗೋಡೆ ಇಂದಿಗೂ ಸುತ್ತುವರಿದಿರುವ ಚಿತ್ತದೆಲ್ಲಾ ಪಟ್ಟಣದವರೆಗಿನ ಹಾದಿಯನ್ನು. ಬೆಲ್ಜಿಯಂನ ಜಾನಿ ವರ್ಮೀರ್ಷ್ ಪುರುಷರ ವಿಭಾಗದಲ್ಲೂ, ಫ್ರಾನ್ಸಿನ ಪೊಲೀನ್ ಫೆರಾಂ-ಪ್ರೆವೊ ಮಹಿಳೆಯರ ವಿಭಾಗದಲ್ಲೂ ಗೆದ್ದರು. ನದಿ ದಂಡೆ, ಜಲ್ಲಿ ರಸ್ತೆ, ಹಳೆಯ ಪಟ್ಟಣ ಎಂಬ ಈ ಜೋಡಣೆ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಆಕಸ್ಮಿಕವೇನಲ್ಲ.

ನೀರಿನ ಜತೆ ಹೋಗುವ ದಾರಿ

ನೀರು ಏರುವುದಿಲ್ಲ. ಸೈಕಲ್ ಸವಾರನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ. ನಾಲೆಯನ್ನು ತೋಡುವ ಎಂಜಿನಿಯರು ಗುಡ್ಡದ ಸೊಂಟವನ್ನು ಬಳಸಿ, ಒಂದೇ ಮಟ್ಟವನ್ನು ಹಿಡಿದು, ಕಿಲೋಮೀಟರಿಗೆ ಒಂದೆರಡು ಅಡಿಯೂ ಇಳಿಯದಂತೆ ಕಾಲುವೆಯನ್ನು ಒಯ್ಯುತ್ತಾನೆ. ಇಳಿಜಾರು ಹೆಚ್ಚಾದರೆ ನೀರಿನ ರಭಸಕ್ಕೆ ಏರಿ ಕೊಚ್ಚಿಹೋಗುತ್ತದೆ. ಕಡಿಮೆಯಾದರೆ ಹೂಳು ತುಂಬುತ್ತದೆ. ಆ ಏರಿಯ ಮೇಲೆ ನೀರುಗಂಟಿಯೂ ಎಂಜಿನಿಯರೂ ತೂಬುಗಳನ್ನು ನೋಡಿಕೊಂಡು ಓಡಾಡಲು ಒಂದು ದಾರಿಯಿರುತ್ತದೆ. ಅದು ಕಾಲುವೆಯಷ್ಟೇ ಸಮತಟ್ಟು. ಬಂಡಿ ರಸ್ತೆ ದಿಬ್ಬವನ್ನು ನೇರವಾಗಿ ಹತ್ತಿ ಇಳಿಯುವಲ್ಲಿ ಏರಿಯ ದಾರಿ ಸುತ್ತಿ ಬಳಸಿ ಹೋಗುತ್ತದೆ. ದೂರ ಹೆಚ್ಚು, ದಣಿವು ಕಡಿಮೆ.

ಯುರೋಪು, ಅಮೆರಿಕಗಳಲ್ಲಿ ಇಂಥ ದಾರಿಗಳು ಹುಟ್ಟಿದ್ದು ಬೇರೆ ಕಾರಣಕ್ಕೆ. ಅಲ್ಲಿ ದೋಣಿಗಳನ್ನು ದಂಡೆಯ ಮೇಲಿನಿಂದ ಕುದುರೆ, ಹೇಸರಗತ್ತೆಗಳು ಹಗ್ಗದಿಂದ ಎಳೆಯುತ್ತಿದ್ದವು. ಉಗಿ ಎಂಜಿನ್ ಬಂದ ಮೇಲೆ ಪ್ರಾಣಿಗಳು ಹೋದವು, ದಾರಿ ಉಳಿಯಿತು. ಡಾನ್ಯೂಬ್ ನದಿಯ ಬದಿಯಲ್ಲಿ ಜರ್ಮನಿಯ ಪಾಸೌನಿಂದ ಆಸ್ಟ್ರಿಯಾದ ವಿಯೆನ್ನಾದವರೆಗೆ ಸಾಗುವ ಪ್ರಸಿದ್ಧ ಸೈಕಲ್ ಹಾದಿಯ ಹಲವು ಭಾಗಗಳು ಇಂಥ ಎಳೆದಾರಿಗಳೇ.

ಇಂತಹ ದಾರಿಯೊಂದು ಹೇಗೆ ಉಳಿಯುತ್ತದೆ ಎಂಬುದಕ್ಕೆ ಅಮೆರಿಕದ ಪೊಟೊಮ್ಯಾಕ್ ನದಿ ದಂಡೆಯ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ವಾಷಿಂಗ್ಟನ್‌ನ ಜಾರ್ಜ್‌ಟೌನಿನಿಂದ ಕಂಬರ್ಲೆಂಡ್ ಪಟ್ಟಣದವರೆಗೆ 1828ರಿಂದ 1850ರವರೆಗೆ ತೋಡಿದ ಚೆಸಪೀಕ್ ಮತ್ತು ಒಹಾಯೊ ಕಾಲುವೆ 1924ರ ನೆರೆಯ ಬಳಿಕ ಸ್ಥಗಿತಗೊಂಡಿತು. ಉದ್ದ 184.5 ಮೈಲಿ, ಅಂದರೆ ಸುಮಾರು 297 ಕಿಲೋಮೀಟರ್. ಪಾಳು ಬಿದ್ದ ಕಾಲುವೆಯ ಗುಂಟ ಮೋಟಾರು ರಸ್ತೆ ಮಾಡುವ ಯೋಜನೆ ಎದ್ದಿತು. ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ 1954ರ ಜನವರಿಯಲ್ಲಿ ಸಂಪಾದಕೀಯ ಬರೆದು ಅದನ್ನು ಬೆಂಬಲಿಸಿತು. ಅದನ್ನೋದಿದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್, ಸಂಪಾದಕರು ತಮ್ಮೊಡನೆ ಆ ದಾರಿಯಲ್ಲಿ ಒಮ್ಮೆ ನಡೆದು ನೋಡಲಿ, ಆಮೇಲೆ ಅಭಿಪ್ರಾಯ ಹೇಳಲಿ ಎಂದು ಪತ್ರ ಬರೆದರು. ಪತ್ರಿಕೆ ಸವಾಲು ಒಪ್ಪಿತು. ಮಾರ್ಚ್ ತಿಂಗಳಿನಲ್ಲಿ ಕಂಬರ್ಲೆಂಡಿನಿಂದ 58 ಮಂದಿ ಹೊರಟರು. ನ್ಯಾಯಮೂರ್ತಿಗಳೂ ಸೇರಿ ಪೂರ್ತಿ ನಡೆದವರು ಒಂಬತ್ತೇ ಜನ. ಆದರೆ ಪತ್ರಿಕೆ ತನ್ನ ನಿಲುವನ್ನು ಸಡಿಲಿಸಿತು, ಮೋಟಾರು ರಸ್ತೆಯ ಯೋಜನೆ ಬಿದ್ದುಹೋಯಿತು. 1971ರಲ್ಲಿ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಇಂದು ಆ ಮಣ್ಣು-ಜಲ್ಲಿ ದಾರಿಯಲ್ಲಿ ಹಾರ್ಪರ್ಸ್ ಫೆರಿ, ಶೆಪರ್ಡ್ಸ್‌ಟೌನ್, ವಿಲಿಯಮ್ಸ್‌ಪೋರ್ಟ್ ಮುಂತಾದ ಹಳೆಯ ಊರುಗಳನ್ನು ಹಾದು ಸೈಕಲ್ಲುಗಳು ಓಡುತ್ತವೆ. ಹಳೆಯ ರೈಲು ಮಾರ್ಗವನ್ನು ಬಳಸಿಕೊಂಡ 150 ಮೈಲಿಯ ಇನ್ನೊಂದು ಜಲ್ಲಿ ಹಾದಿ ಕಂಬರ್ಲೆಂಡಿನಲ್ಲಿ ಅದಕ್ಕೆ ಕೂಡಿಕೊಂಡು ಪಿಟ್ಸ್‌ಬರ್ಗ್‌ವರೆಗೆ ಒಯ್ಯುತ್ತದೆ. ಪತ್ರಿಕೆಯೊಂದು ತಾನು ಬರೆದದ್ದನ್ನು ಕಾಲಿನಿಂದ ಪರೀಕ್ಷಿಸಲು ಒಪ್ಪಿದ್ದು ಈ ಕತೆಯಲ್ಲಿ ಈ ವರದಿಗಾರನಿಗೆ ಹೆಚ್ಚು ಹಿಡಿಸಿದ ಭಾಗ.

ಕೆ.ಆರ್‌.ಎಸ್‌.ನಿಂದ ಶಿವನಸಮುದ್ರದವರೆಗೆ

ನಮ್ಮಲ್ಲಿ ಇಂಥ ಹಾದಿ ಎಲ್ಲಿದೆ ಎಂದು ಕೇಳಿದರೆ ಹಂಪಿ–ಆನೆಗೊಂದಿಯ ತುಂಗಭದ್ರಾ ದಂಡೆ ನೆನಪಾಗುವುದು ಸಹಜ. ಆದರೆ ದಾರಿಯ ಉದ್ದ, ನಾಲೆಗಳ ವಯಸ್ಸು, ಊರುಗಳ ಸಾಲು ಮೂರನ್ನೂ ಲೆಕ್ಕ ಹಿಡಿದರೆ ಕೃಷ್ಣರಾಜಸಾಗರದಿಂದ ಶಿವನಸಮುದ್ರದವರೆಗಿನ ಕಾವೇರಿಗೆ ಸಾಟಿಯಿಲ್ಲ. ಎಷ್ಟು ಬಳಸಿಕೊಂಡು ಹೋಗುತ್ತೀರಿ ಎಂಬುದರ ಮೇಲೆ ಇದು ನೂರು ಕಿಲೋಮೀಟರಿಗಿಂತ ತುಸು ಹೆಚ್ಚಾಗಬಹುದು. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು: ಇದು ಫಲಕ ನೆಟ್ಟ, ನಕ್ಷೆಯಲ್ಲಿ ಗೆರೆ ಎಳೆದ ಒಂದೇ ಅಖಂಡ ಮಾರ್ಗವಲ್ಲ. ನಾಲೆಯ ಏರಿ, ಗದ್ದೆ ಬಯಲಿನ ಗಾಡಿ ದಾರಿ, ಹಳ್ಳಿಯ ಕಾಂಕ್ರೀಟು ಬೀದಿ, ಆಗಾಗ ಡಾಂಬರು ಇವೆಲ್ಲವನ್ನೂ ಸವಾರನೇ ಪೋಣಿಸಿಕೊಳ್ಳಬೇಕು.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ ಮುಗಿದದ್ದು 1930ರ ದಶಕದ ಆರಂಭದಲ್ಲಿ. ಮಂಡ್ಯದ ಬಯಲನ್ನು ಹಸಿರಾಗಿಸಿದ ವಿಶ್ವೇಶ್ವರಯ್ಯ ನಾಲೆ ಹೊರಡುವುದು ಇಲ್ಲಿಂದಲೇ. ಆಗಿನ ವೈಸರಾಯ್ ಹೆಸರಿನಲ್ಲಿ ಅದು ಮೊದಲು ಇರ್ವಿನ್ ನಾಲೆಯಾಗಿತ್ತು. ಹುಲಿಕೆರೆಯಲ್ಲಿ ಈ ನಾಲೆ ಮೂರು ಕಿಲೋಮೀಟರಿಗೆ ಸಮೀಪದ ಸುರಂಗವನ್ನು ಹೊಕ್ಕುಬಿಡುವುದರಿಂದ ಸವಾರ ಅಲ್ಲಿ ನೀರಿನ ಸಂಗ ಬಿಡಬೇಕಾಗುತ್ತದೆ.

ಆದರೆ ಕಟ್ಟೆಯ ಕೆಳಗಿನ ಕತೆ ಕಟ್ಟೆಗಿಂತ ಬಹಳ ಹಳೆಯದು. ಕೆ.ಆರ್‌.ಎಸ್. ಕಟ್ಟುವುದಕ್ಕೆ ಎರಡೂವರೆ ಶತಮಾನ ಮೊದಲೇ ಮೈಸೂರಿನ ಅರಸರು ಕಾವೇರಿಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಹಾಕಿ ನಾಲೆಗಳನ್ನು ತೆಗೆದಿದ್ದರು. ಚಿಕ್ಕದೇವರಾಜ ಒಡೆಯರ ಹೆಸರು ಹೊತ್ತ ನಾಲೆ ಇಂದಿಗೂ ಹರಿಯುತ್ತಿದೆ. ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆಯದಂತೂ ವಿಸ್ಮಯ. ನದಿಯಿಂದ ಹೊರಟ ಆ ನಾಲೆ ಮೇಲ್ಗಾಲುವೆಯ ಮೂಲಕ ನದಿಯ ಕವಲನ್ನೇ ದಾಟಿ ಶ್ರೀರಂಗಪಟ್ಟಣ ದ್ವೀಪವನ್ನು ಸೇರುತ್ತದೆ. ಕಾವೇರಿಯ ನೀರು ಕಾವೇರಿಯ ಮೇಲೆಯೇ ಹಾದುಹೋಗುವುದನ್ನು ಕಾರಿನಲ್ಲಿ ಹೋಗುವವರು ಕಾಣುವುದು ಕಷ್ಟ. ರಂಗನತಿಟ್ಟಿನ ನಡುಗಡ್ಡೆಗಳು ಉಂಟಾದದ್ದೂ 1640ರ ದಶಕದಲ್ಲಿ ಕಟ್ಟಿದ ಇಂಥ ಒಡ್ಡಿನಿಂದಲೇ. ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವೆನಿಸಿತು. ನೀರಾವರಿಗೆಂದು ಕಟ್ಟಿದ್ದು ಹಕ್ಕಿಗಳಿಗೆ ಮನೆಯಾಯಿತು.

ಶ್ರೀರಂಗಪಟ್ಟಣವನ್ನು ಸೈಕಲ್ಲಿನಲ್ಲಿ ನೋಡಬೇಕು ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಪ್ರವಾಸಿ ಬಸ್ಸುಗಳು ರಂಗನಾಥಸ್ವಾಮಿ ದೇವಾಲಯ, ದರಿಯಾ ದೌಲತ್, ಗುಂಬಜ್ ಮೂರರಲ್ಲಿ ನಿಂತು ಮುಂದೆ ಓಡುತ್ತವೆ. ಆದರೆ ದ್ವೀಪದ ಸ್ವಾರಸ್ಯವಿರುವುದು ಈ ಮೂರರ ನಡುವಿನ ಸಂದುಗಳಲ್ಲಿ. ಟಿಪ್ಪು 1799ರ ಮೇ 4ರಂದು ಬಿದ್ದ ಸ್ಥಳ, ಕೋಟೆಗೋಡೆಯ ಅಡಿಯ ಬೈಲಿ ಬಂದೀಖಾನೆ, ಆಂಗ್ಲ ಸೈನಿಕರ ಸ್ಮಶಾನ, ಗಂಜಾಮಿನ ನಿಮಿಷಾಂಬ ದೇವಾಲಯ, ಪೂರ್ವ ತುದಿಯ ಸಂಗಮ, ಎಲ್ಲವೂ ಕೆಲವೇ ಕಿಲೋಮೀಟರುಗಳ ಒಳಗಿವೆ. ರೈಲು ಜೋಡಿ ಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ ಇಡಿಯಾಗಿ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ಆಚೆಗೆ ಸರಿಸಿದ್ದು ಹಲವರಿಗೆ ನೆನಪಿರಬಹುದು. ಅದೂ ನಿಲ್ದಾಣದ ಬಳಿಯಲ್ಲೇ ಇದೆ. ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಎರಡು ಶತಮಾನಗಳ ನೆರೆಯನ್ನು ಎದುರಿಸಿ ನಿಂತಿವೆ. ಈ ದ್ವೀಪ ಪಟ್ಟಣದ ಸ್ಮಾರಕಗಳು 2014ರಲ್ಲಿಯೇ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿ ಜಾಗ ಪಡೆದಿವೆ. ಅಲ್ಲಿಂದ ಮುಂದಕ್ಕೆ ಹೋಗಿಲ್ಲ.

ಶ್ರೀರಂಗಪಟ್ಟಣ ಬಿಟ್ಟು ಕರೀಘಟ್ಟದ ಬೆಟ್ಟವನ್ನು ಬದಿಗಿಟ್ಟು ಮಹದೇವಪುರ, ಅರಕೆರೆ ಸೀಮೆಗೆ ಬಂದರೆ ಹಾದಿ ಪೂರ್ತಿ ಹಳ್ಳಿಯದಾಗುತ್ತದೆ. ಭತ್ತ, ಕಬ್ಬು, ತೆಂಗು, ಎಲ್ಲೋ ಒಂದು ಆಲೆಮನೆಯ ಹೊಗೆ. ಬೆಲ್ಲದ ವಾಸನೆ ಗಾಳಿಯಲ್ಲಿ ಬಂದರೆ ಸವಾರ ತಾನಾಗಿಯೇ ಬ್ರೇಕು ಹಿಡಿಯುತ್ತಾನೆ. ಸುಗ್ಗಿಯ ದಿನಗಳಲ್ಲಿ ರಾಗಿ, ಹುರುಳಿಯ ಒಕ್ಕಣೆ ಡಾಂಬರು ರಸ್ತೆಯ ಮೇಲೆಯೇ ನಡೆಯುವುದರಿಂದ ಮಣ್ಣು ದಾರಿಯೇ ಹೆಚ್ಚು ಸಲೀಸು. ಕುರಿಗೆ ಹೆಸರಾದ ಬನ್ನೂರು ದಾಟಿದರೆ ಸೋಮನಾಥಪುರ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯವು 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜತೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದರ ಬಗ್ಗೆ ಬರೆದವರು ಬಹಳ. ಇಲ್ಲಿ ಅಷ್ಟು ಸಾಕು.

ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಕಪಿಲೆ ಕೂಡುತ್ತಾಳೆ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಈ ಸಂಗಮದ ಬಳಿಯೇ ನವಶಿಲಾಯುಗದ ಜನರ ನೆಲೆಯನ್ನು ಪುರಾತತ್ವಜ್ಞರು ಅಗೆದು ತೆಗೆದಿದ್ದಾರೆ. ನದಿಯ ಬದಿಯಲ್ಲಿ ಊರು ಕಟ್ಟುವ ಬುದ್ಧಿ ಎಷ್ಟು ಹಳೆಯದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮುಂದೆ ಮುಡುಕುತೊರೆಯ ಬೆಟ್ಟ, ಮಾಧವಮಂತ್ರಿ ಅಣೆಕಟ್ಟು, ತಲಕಾಡು. ಗಂಗರ ರಾಜಧಾನಿಯಾಗಿದ್ದ ತಲಕಾಡನ್ನು ಮರಳು ಮುಚ್ಚಿದ್ದಕ್ಕೆ ಅಲಮೇಲಮ್ಮನ ಶಾಪವೇ ಕಾರಣವೆಂದು ಜನ ನಂಬುತ್ತಾರೆ. ಮೇಲ್ಭಾಗದ ಅಣೆಕಟ್ಟಿನಿಂದ ಹರಿವು ಬದಲಾಗಿ, ಬಯಲಾದ ನದೀಪಾತ್ರದ ಮರಳನ್ನು ಗಾಳಿ ಹೊತ್ತು ತಂದಿತು ಎಂಬ ವಿವರಣೆಯನ್ನು ವಿಜ್ಞಾನಿಗಳು ಮುಂದಿಟ್ಟಿದ್ದಾರೆ. ಎರಡರಲ್ಲಿ ಯಾವುದನ್ನು ನಂಬಿದರೂ 50 ಮಿಲಿಮೀಟರಿನ ಟಯರು ಸಹ ಆ ಮರಳಿನಲ್ಲಿ ಹೂತುಹೋಗುವುದು ನಿಶ್ಚಿತ. ಅಲ್ಲಿ ಇಳಿದು ತಳ್ಳುವುದೇ ದಾರಿ.

ಕೊನೆಗೆ ಶಿವನಸಮುದ್ರ. ಶ್ರೀರಂಗಪಟ್ಟಣದ ಆದಿರಂಗನಿಂದ ಹೊರಟ ಸವಾರ ಇಲ್ಲಿ ಮಧ್ಯರಂಗನ ಬಾಗಿಲಿಗೆ ಬಂದಿರುತ್ತಾನೆ. 1902ರಲ್ಲಿ ಇಲ್ಲಿನ ವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಕಲ್ಲಿನ ಹಳೆಯ ಸೇತುವೆಯೊಂದು 2018ರ ನೆರೆಯಲ್ಲಿ ಹಾನಿಗೊಂಡಿತು.

ಏರಿಯ ಮೇಲಿನ ಅಪಾಯ

ಇಷ್ಟು ಹೇಳಿ ನಿಲ್ಲಿಸಿದರೆ ಪ್ರವಾಸೋದ್ಯಮದ ಕರಪತ್ರವಾದೀತು. ವಿಶ್ವೇಶ್ವರಯ್ಯ ನಾಲೆಯ ಹೆಸರು ಕೇಳಿದರೆ ಮಂಡ್ಯದ ಜನರಿಗೆ ಮೊದಲು ನೆನಪಾಗುವುದು ಸೈಕಲ್ಲಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಮಂದಿ ಮೃತಪಟ್ಟರು. ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆಗ ನಾಲೆಯುದ್ದಕ್ಕೂ ತಡೆಗೋಡೆ ಬೇಕೆಂಬ ಕೂಗೆದ್ದಿತು. 2023ರಲ್ಲಿ ಮತ್ತೆ ಕಾರುಗಳು ನಾಲೆಗೆ ಬಿದ್ದು ಜನ ಸತ್ತಾಗ ಅದೇ ಕೂಗು ಅದೇ ಮಾತುಗಳಲ್ಲಿ ಕೇಳಿಬಂತು.

ಇದಕ್ಕೆ ಕಾರಣವನ್ನು ಹುಡುಕಿದರೆ ಮತ್ತೆ ಆ ತಪಾಸಣೆ ದಾರಿಗೇ ಬರಬೇಕು. ಏರಿ ರಸ್ತೆ ಹುಟ್ಟಿದ್ದು ನೀರಾವರಿ ಇಲಾಖೆಯ ಸಿಬ್ಬಂದಿ ಓಡಾಡುವುದಕ್ಕೆ. ಸಾರ್ವಜನಿಕ ವಾಹನಗಳಿಗಾಗಿ ಅಲ್ಲ. ಆದರೆ ಹಳ್ಳಿಗಳಿಗೆ ಬೇರೆ ನೇರ ದಾರಿ ಇಲ್ಲದ ಕಡೆ ಎತ್ತಿನ ಗಾಡಿ ಬಂತು, ಆಮೇಲೆ ಟ್ರ್ಯಾಕ್ಟರು ಬಂತು, ಜನ ಕೇಳಿದರೆಂದು ಡಾಂಬರು ಬಂತು, ಡಾಂಬರಿನ ಹಿಂದೆ ಬಸ್ಸು ಬಂತು. ಅಗಲ ಮಾತ್ರ ಮೊದಲಿನಷ್ಟೇ ಉಳಿಯಿತು. ಜಲ್ಲಿಯ ಮೇಲೆ ಇಪ್ಪತ್ತು ಮೂವತ್ತರ ವೇಗದಲ್ಲಿ ಹೋಗುತ್ತಿದ್ದ ವಾಹನ ಡಾಂಬರಿನ ಮೇಲೆ ಅರವತ್ತು ಎಪ್ಪತ್ತಕ್ಕೇರಿತು. ಒಂದು ಬದಿಗೆ ಆಳದ ನೀರು, ಇನ್ನೊಂದು ಬದಿಗೆ ಗದ್ದೆಯ ಇಳಿಜಾರು. ಎದುರಿಗೆ ಕಬ್ಬಿನ ಲಾರಿ ಬಂದರೆ ಸರಿಯಲು ಜಾಗವೇ ಇರದು. ಕಾಂಕ್ರೀಟು ಹಾಸಿದ ನಾಲೆಯಲ್ಲಿ ಸಮಸ್ಯೆ ಇನ್ನೂ ಹೆಚ್ಚು. ಮಣ್ಣಿನ ದಂಡೆಯಾದರೆ ಬಿದ್ದವನು ಹುಲ್ಲನ್ನೋ ಬೇರನ್ನೋ ಹಿಡಿದು ಮೇಲೆ ಬರಬಹುದು. ನುಣುಪಾದ ಇಳಿಜಾರಿನಲ್ಲಿ ಪಾಚಿ ಕಟ್ಟಿದರೆ ಈಜು ಬಲ್ಲವನಿಗೂ ಕಾಲೂರುವುದು ಕಷ್ಟ. ನಾಲೆಗಳ ಆಧುನೀಕರಣದಿಂದ ನೀರು ಇಂಗುವುದು ತಪ್ಪುತ್ತದೆ, ಕೊನೆಯ ಭಾಗದ ರೈತನಿಗೆ ನೀರು ಮುಟ್ಟುತ್ತದೆ ಎಂಬುದರಲ್ಲಿ ವಿವಾದವಿಲ್ಲ. ಜತೆಯಲ್ಲೇ ಅಲ್ಲಲ್ಲಿ ಮೆಟ್ಟಿಲು, ಹಿಡಿಕೆ ಸರಪಳಿಗಳನ್ನು ಕೂಡಿಸುವುದು ದೊಡ್ಡ ಖರ್ಚಿನ ಬಾಬತ್ತೇನಲ್ಲ.

ಸೈಕಲ್ ಹಾದಿಯ ಪ್ರಶ್ನೆ ಇಲ್ಲಿಯೇ ಹಳ್ಳಿಯ ಪ್ರಶ್ನೆಯ ಜತೆ ಕೂಡಿಕೊಳ್ಳುವುದು. ಎಲ್ಲ ಏರಿಗಳಿಗೂ ಡಾಂಬರು ಹಾಕುವುದು ಅಭಿವೃದ್ಧಿ ಎಂದು ಜನಪ್ರತಿನಿಧಿಗಳು ಭಾವಿಸಿರುವಂತಿದೆ. ಎಲ್ಲವನ್ನೂ ಮಣ್ಣಾಗಿಯೇ ಬಿಡಿ ಎಂದು ನಗರದ ಸವಾರ ಕೇಳಿದರೆ, ಮಳೆಗಾಲದಲ್ಲಿ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯುವುದು ಹೇಗೆಂದು ಹಳ್ಳಿಯವರು ಮರುಪ್ರಶ್ನೆ ಹಾಕುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಆದರೆ ಬಹುಪಾಲು ನಾಲೆಗಳಿಗೆ ಎರಡು ದಂಡೆಗಳಿವೆ. ಬಸ್ಸು, ಲಾರಿ ಓಡುವ ದಂಡೆಗೆ ತಡೆಗೋಡೆ ಕಟ್ಟಿ, ಇನ್ನೊಂದನ್ನು ಭಾರಿ ವಾಹನ ನುಗ್ಗದಂತೆ ಕಲ್ಲುಕಂಬ ನೆಟ್ಟು ಗರಸು ಹಾಸಿ ಉಳಿಸಿದರೆ, ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಹುಡುಗಿಗೂ, ಹೊಲಕ್ಕೆ ಹೋಗುವ ಮುದುಕನಿಗೂ, ಬೆಂಗಳೂರಿನಿಂದ ಬಂದವನಿಗೂ ಅದು ದಾರಿಯಾಗುತ್ತದೆ. ಈ ಪಟ್ಟಿಯಲ್ಲಿ ಬೆಂಗಳೂರಿನವನು ಕೊನೆಯಲ್ಲಿದ್ದಾನೆ; ಅಲ್ಲಿಯೇ ಇರಬೇಕು. ಸೈಕಲ್ ಪ್ರವಾಸೋದ್ಯಮದ ‘ಸರ್ಕ್ಯೂಟ್’ ಘೋಷಿಸಿ ಕಮಾನು ಕಟ್ಟುವ ಬದಲು ಇಷ್ಟನ್ನು ಮಾಡಿದರೆ ಸಾಲದೇ?

ಹೋಗುವವರು ಗಮನಿಸಬೇಕಾದದ್ದು

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆ ಬಿದ್ದ ಮರುದಿನ ಏರಿಯ ಕೆಂಪು ಮಣ್ಣು ಟಯರಿಗೂ ಚೌಕಟ್ಟಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸಿ ದುರಸ್ತಿ ಮಾಡುವುದರಿಂದ ಜೆಸಿಬಿ, ಟಿಪ್ಪರುಗಳ ಓಡಾಟ ಹೆಚ್ಚು. ದುಬಾರಿ ಸೈಕಲ್ ಇರಲೇಬೇಕೆಂದಿಲ್ಲ. ಅಗಲ ಟಯರಿನ, ಬ್ರೇಕು ಚೆನ್ನಾಗಿರುವ ಯಾವ ಸೈಕಲ್ಲೂ ಆದೀತು. ಜಾಲಿ ಮುಳ್ಳು ಮಾತ್ರ ಬಡವ ಬಲ್ಲಿದ ನೋಡುವುದಿಲ್ಲ. ಎರಡು ಟ್ಯೂಬು, ಪಂಪು, ಪಂಕ್ಚರ್ ಸಾಮಾನು ಜತೆಗಿರಲಿ. ಹಳ್ಳಿಯ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿಕೊಡುತ್ತಾರೆ, ಆದರೆ ಗ್ರಾವೆಲ್ ಸೈಕಲ್ಲಿನ ಅಳತೆಯ ಟ್ಯೂಬು ಅಲ್ಲಿ ಸಿಗುವುದಿಲ್ಲ.

ಒಬ್ಬರೇ ಹೋಗುವುದು ಬೇಡ. ಕತ್ತಲಾದ ಮೇಲೆ ಏರಿಯ ಮೇಲೆ ಖಂಡಿತ ಬೇಡ. ಬೆವರಿಳಿಯುತ್ತಿದೆ ಎಂದು ನಾಲೆಗೋ ನದಿಗೋ ಇಳಿಯುವುದು ಎಲ್ಲಕ್ಕಿಂತ ಅಪಾಯ; ಬಲಮುರಿಯಿಂದ ಶಿವನಸಮುದ್ರದವರೆಗೆ ಕಾವೇರಿ ಮೇಲೆ ಶಾಂತವಾಗಿ ಕಂಡು ಕೆಳಗೆ ಎಳೆಯುವ ಮಡುಗಳು ಹಲವಿವೆ. ಪ್ರವೇಶ ನಿಷೇಧದ ಫಲಕವಿದ್ದಲ್ಲಿ ಹಿಂದಿರುಗಬೇಕು. ತೂಬಿನ ಬಳಿ ನೀರುಗಂಟಿಯೋ ರೈತನೋ ಕಂಡರೆ ದಾರಿ ಕೇಳುವುದು ಫೋನಿನ ನಕ್ಷೆಯನ್ನು ನೋಡುವುದಕ್ಕಿಂತ ಉತ್ತಮ. ಮುಂದಿನ ತೂಬಿನ ಏರಿ ಒಡೆದಿದೆಯೋ ಇಲ್ಲವೋ ನಕ್ಷೆಗೆ ತಿಳಿದಿರುವುದಿಲ್ಲ.

ಬೆಂಗಳೂರಿನವರು ಸೈಕಲ್ಲನ್ನು ರೈಲಿನ ಲಗೇಜು ಬೋಗಿಗೆ ಬುಕ್ ಮಾಡಿ ಮೈಸೂರಿನಲ್ಲಿ ಇಳಿದರೆ ಹೆದ್ದಾರಿಯ ಗೋಜೇ ಇರುವುದಿಲ್ಲ. ಮೊದಲ ದಿನ ಕೆ.ಆರ್‌.ಎಸ್., ಶ್ರೀರಂಗಪಟ್ಟಣ ನೋಡಿ ಅಲ್ಲಿಯೇ ತಂಗಿ, ಎರಡನೆಯ ದಿನ ಸೋಮನಾಥಪುರ, ನರಸೀಪುರಗಳನ್ನು ಹಾದು ತಲಕಾಡಿನವರೆಗೆ, ಮೂರನೆಯ ದಿನ ಶಿವನಸಮುದ್ರಕ್ಕೆ ಎಂದು ಇಟ್ಟುಕೊಂಡರೆ ಅವಸರವಾಗದು. ಶಿವನಸಮುದ್ರದ ಹತ್ತಿರ ರೈಲು ನಿಲ್ದಾಣವಿಲ್ಲ. ಮಳವಳ್ಳಿಯ ಮೇಲೆ ಮದ್ದೂರಿಗೆ ಬಂದು ರೈಲು ಹಿಡಿಯಬೇಕು. ಲಗೇಜು ಬೋಗಿಗೆ ಸೈಕಲ್ ಏರಿಸಲು ಚಿಕ್ಕ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವ ಸಮಯ ಸಾಲದಿರಬಹುದು. ಟಿಕೆಟ್ ಕೊಳ್ಳುವ ಮೊದಲೇ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳುವುದು ಒಳಿತು.